ಹೊಗೆಗೆ ಹೂಂಗುಟ್ಟಿದವನು

ಫೆಬ್ರವರಿ ೩, ಮಂಗಳವಾರ

ಡಾಕ್ಟರು ಮಾತಾಡಬೇಡಿ ಎಂದಿದ್ದಾರೆ. ಪಿಸುಗುಟ್ಟುವುದೂ ಬೇಡವಂತೆ. ಪಿಸುಮಾತು ಗಂಟಲಿಗೆ ಇನ್ನೂ ಭಾರವಂತೆ. ಹೆಂಡತಿ ಈ ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಮೇಜಿನ ಮೇಲಿಟ್ಟು, “ಏನು ಬೇಕೋ ಬರೆದು ತೋರಿಸು” ಎಂದಳು. ಮೊದಲ ಹಾಳೆಯಲ್ಲಿ ‘ಚಹಾ’ ಎಂದು ಬರೆದು ತೋರಿಸಿದೆ. “ಕಾಲಿಗೇನೂ ಆಗಿಲ್ವಲ್ಲ, ಎದ್ದು ಮಾಡ್ಕೋ” ಎಂದು ಹೊಲಿಗೆ ಅಂಗಡಿಗೆ ಹೊರಟೇಹೋದಳು. ಆ ಹಾಳೆ ಹರಿದು ಒಲೆಯ ಪಕ್ಕದ ಬುಟ್ಟಿಗೆ ಹಾಕಿದೆ. ಇನ್ನು ಇದು ನನ್ನ ಪಾಡಿಗೆ ನನಗಿರಲಿ. ಮಧ್ಯಾಹ್ನ ಹೇಗೂ ಮನೆಯಲ್ಲಿ ಯಾರೂ ಇರುವುದಿಲ್ಲ. ಪಬ್ಬಿನ ಬಾಗಿಲು ತೆಗೆಯುವುದು ಸಂಜೆಗೆ.

ಗಂಟಲು ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಮೂಗಿನೊಳಗಿಂದ ತೆಳ್ಳನೆಯ ಕೊಳವೆ ಇಳಿಸಿ, ಪರದೆಯ ಮೇಲೆ ನನ್ನದೇ ಗಂಟಲು ನನಗೆ ತೋರಿಸಿದರು. ಕೆಂಪಗೆ, ಒದ್ದೆಯಾಗಿ, ಯಾವುದೋ ಪ್ರಾಣಿಯ ಬಾಯಿಯ ಹಾಗಿತ್ತು. “ದಿನಕ್ಕೆ ಎಷ್ಟು ಸೇದ್ತೀರಿ?” ಎಂದು ಕೇಳಿದರು.

“ಸೇದಲ್ಲ” ಎಂದೆ. ಆಗ ಇನ್ನೂ ಮಾತಿಗೆ ಅನುಮತಿಯಿತ್ತು.

“ನನ್ನ ಹತ್ರ ನಾಚಿಕೆ ಪಡಬೇಡಿ.”

“ನಿಜವಾಗ್ಲೂ ಸೇದಲ್ಲ ಡಾಕ್ಟ್ರೇ. ಒಂದೇ ಒಂದು ಸಲ, ಹುಡುಗನಾಗಿದ್ದಾಗ. ವಾಂತಿಯಾಯ್ತು.”

ಅವರು ಪರದೆಯನ್ನೂ ನನ್ನನ್ನೂ ನೋಡಿದರು. ಏನು ಕೆಲಸ ಎಂದು ಕೇಳಿದರು. ಪಬ್ಬಿನಲ್ಲಿ ಕೌಂಟರಿನ ಹಿಂದೆ, ಇಪ್ಪತ್ತು ವರ್ಷದ ಮೇಲಾಯಿತು ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ಸೇದ್ತೀರಿ” ಎಂದರು.

ಸ್ವರತಂತುವಿನ ಮೇಲೆ ಒಂದು ಗಂಟಿದೆಯಂತೆ. ಮುಂದಿನ ವಾರ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದು ಏನಿರಬಹುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಫೆಬ್ರವರಿ ೫, ಗುರುವಾರ

ಮೂಗನಾಗಿ ಕೆಲಸ ಮಾಡುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಯಾರಿಗೆ ಏನು ಬೇಕು ಎಂಬುದು ಗೊತ್ತೇ ಇದೆ. ಉಳಿದದ್ದಕ್ಕೆ ಗೋಣು ಆಡಿಸಿದರೆ ಸಾಕು. ಇಷ್ಟು ವರ್ಷ ನಾನು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಹೂಂ, ಹೌದು, ಹೌದಲ್ವಾ, ಅಷ್ಟೇ ಇತ್ತೆಂದು ಈಗ ತಿಳಿಯುತ್ತಿದೆ. ಹೂಂ ಅನ್ನುವುದಕ್ಕೆ ಗಂಟಲು ಬೇಕಾಗಿಲ್ಲ.

“ಈಗ ನೋಡು, ಊರಿನ ಹೆಂಗಸರೆಲ್ಲ ಬಯಸೋ ಗಂಡ ಆದೆ ನೀನು” ಎಂದ ಗೇರಣ್ಣ. ಲಾರಿ ಓಡಿಸಿ ನಿವೃತ್ತನಾದವನು. ಮಾತಾಡುವಾಗ ಎಡಗೈ ಈಗಲೂ ಗೇರು ಬದಲಿಸುತ್ತದೆ, ಅದಕ್ಕೇ ಆ ಹೆಸರು. ಕೌಂಟರಿನ ಕೊನೆಯ ಸ್ಟೂಲು ಅವನದು. ಒಂದು ಲೋಟವನ್ನು ಎರಡು ಗಂಟೆ ಕುಡಿಯುತ್ತಾನೆ, ಅಷ್ಟರಲ್ಲಿ ಬೂದಿಬಟ್ಟಲು ಎರಡು ಸಲ ತುಂಬುತ್ತದೆ.

ನಿನ್ನೆ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಪಬ್ಬು, ಹೋಟೆಲು, ಬಸ್ ನಿಲ್ದಾಣ, ನಾಲ್ಕು ಜನ ಸೇರುವ ಎಲ್ಲ ಕಡೆಯೂ ಸೇದುವುದನ್ನು ನಿಲ್ಲಿಸಬೇಕೆಂದು ನಗರಸಭೆ ಯೋಚಿಸುತ್ತಿದೆಯಂತೆ. ಮುಂದಿನ ತಿಂಗಳು ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರಂತೆ. ಒಬ್ಬ ಸ್ವಾತಂತ್ರ್ಯ ಅಂದ. ಒಬ್ಬ, ಮೊದಲು ಕಾರ್ಖಾನೆಯ ಚಿಮಣಿ ಮುಚ್ಚಲಿ ಅಂದ. ಬಾಗಿಲ ಬಳಿ ಕೂರುವ ಗಣಿತದ ಮೇಡಂ “ನಾನು ಪ್ರತಿ ಶುಕ್ರವಾರ ಮನೆಗೆ ಹೋಗಿ ತಲೆ ತೊಳ್ಕೋತೀನಿ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ” ಎಂದರು. ಎಲ್ಲರೂ ನಕ್ಕರು. ಯಾರೂ ಆರಿಸಲಿಲ್ಲ.

ಬಾಗಿಲು ಹಾಕುವ ಮುಂಚೆ ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದರು. ಪಬ್ಬು ಅವರದು. ಬೆರಳ ನಡುವೆ ಸಿಗರೇಟಿಲ್ಲದೆ ಅವರನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲಿ ಮಾತ್ರ, ನನ್ನ ಹೆಂಡತಿಯ ಆಪರೇಷನ್ ದಿನ. ಅವತ್ತು ಪಬ್ಬಿಗೆ ಬೀಗ ಹಾಕಿ ಬಂದು ಇಡೀ ದಿನ ನನ್ನ ಪಕ್ಕ ಕೂತಿದ್ದರು.

“ಲೇ, ಆ ಸಭೇಲಿ ನಮ್ಮ ಪಬ್ಬು-ಹೋಟೆಲಿನೋರ ಸಂಘದ ಪರವಾಗಿ ನೀನೇ ಮಾತಾಡ್ಬೇಕು. ನಾನು ಮಾತಾಡಿದ್ರೆ ವ್ಯಾಪಾರಕ್ಕೆ ಅಂತಾರೆ. ಗೇರಣ್ಣ ಮಾತಾಡಿದ್ರೆ ಚಟಕ್ಕೆ ಅಂತಾರೆ. ಸೇದದೇ ಇರೋನು ನಿಂತು, ನಂಗೇನೂ ತೊಂದ್ರೆ ಇಲ್ಲ ಅಂದ್ರೆ ಅದರ ತೂಕಾನೇ ಬೇರೆ. ಅಷ್ಟೊತ್ತಿಗೆ ನಿನ್ನ ಗಂಟಲೂ ಸರಿಹೋಗತ್ತೆ. ಏನಂತೀಯ?”

ಏನನ್ನಲಿ. ಗೋಣು ಆಡಿಸಿದೆ.

ಫೆಬ್ರವರಿ ೯, ಸೋಮವಾರ

ಸುಸ್ತು. ಬರೆಯುವಂಥದ್ದು ಏನೂ ಇಲ್ಲ.

ಫೆಬ್ರವರಿ ೧೨, ಗುರುವಾರ

ಚೂರು ತೆಗೆದರು. ಗಂಟಲಿಗೆ ಮರಗಟ್ಟುವ ಮದ್ದು ಸಿಂಪಡಿಸಿದ್ದರಿಂದ ನೋವಾಗಲಿಲ್ಲ, ಆದರೆ ನುಂಗುವುದೇ ಮರೆತುಹೋದ ಹಾಗಾಯಿತು. ಹಾಸಿಗೆಯ ಮೇಲೆ ಒರಗಿ, ಜೊಲ್ಲು ಒರೆಸಿಕೊಳ್ಳುತ್ತ ಕೂತಿದ್ದಾಗ ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

“ಒಂದು ವಿಷಯ ಕೇಳ್ಲಾ? ಬಲವಂತ ಏನಿಲ್ಲ. ಆ ನಗರಸಭೆ ಸಭೆಗೆ ನಮ್ಮ ಆಸ್ಪತ್ರೆಯಿಂದ ನಾನು ಹೋಗ್ತಿದೀನಿ. ಅಂಕಿಅಂಶ ನಾನು ಹೇಳ್ತೀನಿ. ಆದ್ರೆ ಅಂಕಿ ಕೇಳಿ ಯಾರ ಮನಸ್ಸೂ ಬದಲಾಗಲ್ಲ. ನಿಮ್ಮಂಥವರು ಒಬ್ರು ಎದ್ದು ನಿಂತು, ನಾನು ಸೇದಿಲ್ಲ, ಆದ್ರೂ ನನ್ನ ಗಂಟಲು ಹೀಗಾಯ್ತು ಅಂತ ಹೇಳಿದ್ರೆ ಸಾಕು. ಬರ್ತೀರಾ?”

ಒಳ್ಳೆಯ ಹೆಂಗಸು. ಕಣ್ಣ ಕೆಳಗೆ ಕಪ್ಪು. ಬೆಳಗಿನಿಂದ ಎಷ್ಟು ಗಂಟಲು ನೋಡಿದ್ದರೋ. ನನ್ನ ಕೈಗೆ ಹೊಸ ಕರವಸ್ತ್ರ ಕೊಟ್ಟು ಕಾಯುತ್ತ ಕೂತರು.

ಗೋಣು ಆಡಿಸಿದೆ.

ಫೆಬ್ರವರಿ ೧೩, ಶುಕ್ರವಾರ

ಹೆಂಡತಿಗೆ ಬರೆದು ತೋರಿಸಿದೆ. ಓದಿದಳು, ಇನ್ನೊಮ್ಮೆ ಓದಿದಳು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು.

“ಅವರಿಗೂ ಹೂಂ ಅಂದೆ, ಇವರಿಗೂ ಹೂಂ ಅಂದೆ?”

ಹೂಂ ಎಂದು ಗೋಣು ಆಡಿಸಿದೆ.

“ನಂಗೂ ಶುರು ಮಾಡಿದ್ಯಾ? ಅಯ್ಯೋ ಮಹಾರಾಯ! ಮದುವೆಗೆ ನನ್ನ ನೋಡೋಕೆ ಬಂದಾಗಲೂ ಹೀಗೇ ಹೂಂ ಅಂದ್ಯೋ ಏನೋ. ಇನ್ನೆಷ್ಟು ಮನೇಲಿ ಹೂಂ ಅಂದು ಬಂದಿದ್ದೆ?”

ನಗಲು ಹೋದೆ, ಗಂಟಲು ಕಿತ್ತು ಬಂತು. ಅವಳು ನಗಲಿಲ್ಲ. ನೀರು ತಂದು ಕೊಟ್ಟು, “ನಿಂಗೆ ಏನು ಅನ್ಸತ್ತೆ, ಅದನ್ನ ಹೇಳು” ಎಂದಳು. ಪೆನ್ಸಿಲು ಹಿಡಿದುಕೊಂಡು ಕೂತೆ. ಬಹಳ ಹೊತ್ತಾದ ಮೇಲೆ ‘ಯೋಚನೆ ಮಾಡಿಲ್ಲ’ ಎಂದು ಬರೆದೆ. ಅದು ನಿಜವೇ.

ಫೆಬ್ರವರಿ ೧೮, ಬುಧವಾರ

ಬಾಯಿ ಮುಚ್ಚಿದರೆ ಕಣ್ಣಿಗೆ ಕೆಲಸ ಹೆಚ್ಚು. ನಮ್ಮ ಪಬ್ಬು ಬೀದಿಯಿಂದ ಮೂರು ಮೆಟ್ಟಿಲು ಕೆಳಗಿದೆ. ಕಿಟಕಿ ಎರಡೇ, ಅವೂ ಬಣ್ಣ ಕಚ್ಚಿಕೊಂಡು ತೆರೆಯುವುದಿಲ್ಲ. ಹೊಗೆ ಮೊದಲು ಚಾವಣಿಗೆ ಹೋಗುತ್ತದೆ. ಅಲ್ಲಿ ಜಾಗ ಸಾಲದಾದಾಗ ಇಳಿಯುತ್ತದೆ. ಕೂತವರ ತಲೆಗೆ ಮುಟ್ಟುವಷ್ಟು ಇಳಿಯುವುದಿಲ್ಲ. ನಿಂತವನು ನಾನೊಬ್ಬನೇ, ನನ್ನ ಮೂಗಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇದನ್ನು ಇಷ್ಟು ವರ್ಷ ನೋಡಿರಲಿಲ್ಲವೇ ಅಂದರೆ, ನೋಡಿರಲಿಲ್ಲ.

ಚಾವಣಿಗೆ ಸಾಹುಕಾರರೂ ನಾನೂ ಸೇರಿ ಬಣ್ಣ ಹೊಡೆದಿದ್ದೆವು, ಬಿಳಿ ಬಣ್ಣ. ಅವರು ಏಣಿ ಹಿಡಿದಿದ್ದರು, ನಾನು ಮೇಲಿದ್ದೆ. ಬಣ್ಣವೆಲ್ಲ ಅವರ ಮುಖದ ಮೇಲೆ ಬಿದ್ದು, ಇಬ್ಬರೂ ನಗುತ್ತ ನೆಲದ ಮೇಲೆ ಕೂತುಬಿಟ್ಟಿದ್ದೆವು. ಈಗ ಅದು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ.

ಇವತ್ತು ಗೇರಣ್ಣನ ಬೂದಿಬಟ್ಟಲನ್ನು ಒಂದು ಮೊಳ ಆಚೆ ತಳ್ಳಿದೆ. ಅವನು ಈಚೆ ಎಳೆದುಕೊಂಡ. ಮತ್ತೆ ತಳ್ಳಿದೆ. “ಏನು, ಚದುರಂಗ ಆಡ್ತಿದೀಯ?” ಅಂದ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ನಿದ್ದೆ ಸಾಲುತ್ತಿಲ್ಲ.

ಫೆಬ್ರವರಿ ೨೨, ಭಾನುವಾರ

ರಜೆ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮಲಗಿದ್ದೆವು. ಕೆಲಸಕ್ಕೆ ಹೋಗದೆ ಎರಡು ದಿನವಾಗಿತ್ತು. ಸಾಹುಕಾರರೇ ವಿಶ್ರಾಂತಿ ತಗೋ ಎಂದಿದ್ದರು. ಎಚ್ಚರವಾದಾಗ ಹೆಂಡತಿ ನನ್ನ ಕಡೆ ಮುಖ ಮಾಡಿ ಮಲಗಿದ್ದಳು. ಮೂಗು ನನ್ನ ಹೆಗಲಿಗೆ ತಾಗುತ್ತಿತ್ತು. ಬಹಳ ದಿನಕ್ಕೆ ಹೀಗೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

ಅವಳು ಓದಿ ಚೀಟಿ ಮಡಚಿದಳು. ಆಮೇಲೆ, “ಕೋಪ ಮಾಡ್ಕೋಬೇಡ. ನೀನು ಕೆಲಸದಿಂದ ಬಂದು ಮಲಗಿದಾಗ ಕೂದಲಿಂದ ವಾಸನೆ ಬರತ್ತೆ. ತೊಳ್ಕೊಂಡ್ರೂ ಬರತ್ತೆ. ಅದಕ್ಕೆ ಗೋಡೆ ಕಡೆ ತಿರುಗಿ ಮಲಗ್ತೀನಿ” ಎಂದಳು.

‘ಯಾವಾಗಿಂದ?’

“ಮೊದಲಿಂದ್ಲೂ.”

‘ಹೇಳಬಾರದಿತ್ತಾ?’

“ಹೇಳಿ ಏನು ಮಾಡೋದು? ಕೂದಲು ಬಿಚ್ಚಿಟ್ಟು ಬರ್ತಿದ್ಯಾ?” ಎಂದು ನನ್ನ ತಲೆ ಸವರಿದಳು. “ನಾನೂ ಹೂಂ ಅಂದ್ಕೊಂಡೇ ಇದ್ದೆ ಅಂದ್ಕೋ.”

ಅವಳು ಬೆನ್ನು ಮಾಡಿ ಮಲಗುವುದು ಅವಳ ರೂಢಿ ಎಂದುಕೊಂಡಿದ್ದೆ. ಇಷ್ಟು ವರ್ಷವೂ.

ಫೆಬ್ರವರಿ ೨೬, ಗುರುವಾರ

ಫಲಿತಾಂಶ ಬಂತು. ಕೆಟ್ಟದ್ದಲ್ಲ. ಬರೀ ಊತ, ಕೆರಳಿಕೆಯಿಂದ ಆದ ಗಂಟು. ಹೆಂಡತಿ ಆಸ್ಪತ್ರೆಯ ಮೊಗಸಾಲೆಯಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು. ನನಗೆ ಅಳು ಬರಲಿಲ್ಲ.

ಡಾಕ್ಟರು ನನ್ನ ಕೈ ಕುಲುಕಿದರು. “ತುಂಬಾ ಸಂತೋಷ” ಎಂದರು. ನಿಜಕ್ಕೂ ಸಂತೋಷಪಟ್ಟರು, ಆ ಬಗ್ಗೆ ಸಂಶಯವಿಲ್ಲ. ಆದರೆ ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸು, ಈ ನಿಷೇಧಕ್ಕಾಗಿ ಓಡಾಡುತ್ತಿರುವ ಸಂಸ್ಥೆಯವರಂತೆ, “ಪರವಾಗಿಲ್ಲ, ಇದನ್ನೂ ಉಪಯೋಗಿಸ್ಕೋಬಹುದು” ಎಂದುಬಿಟ್ಟರು. ಡಾಕ್ಟರು ಅವರನ್ನು ನೋಡಿದ ರೀತಿಗೆ ಅವರು ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

“ಅದೇ ಗಾಳೀಲಿ ಇದ್ರೆ ಮತ್ತೆ ಬರತ್ತೆ. ಮುಂದಿನ ಸಲ ಏನಿರತ್ತೋ ಹೇಳೋಕಾಗಲ್ಲ” ಎಂದರು ಡಾಕ್ಟರು. ಸೋಮವಾರದಿಂದ ಸ್ವಲ್ಪ ಸ್ವಲ್ಪ ಮಾತಾಡಬಹುದಂತೆ.

ಸಂಜೆ ಸಾಹುಕಾರರಿಗೆ ಕಾಗದ ತೋರಿಸಿದೆ. ಓದಿ, ನನ್ನನ್ನು ಬಾಚಿ ತಬ್ಬಿಕೊಂಡರು. “ನೋಡಿದ್ಯಾ? ಏನೂ ಇಲ್ಲ! ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ ಗೊತ್ತಾ ಲೇ” ಎಂದರು. ಕಣ್ಣು ತುಂಬಿತ್ತು. ಕೈಯಿಂದ ಒರೆಸಿಕೊಂಡರು. ಅದೇ ಕೈಯಲ್ಲಿ ಒಂದು ಹಚ್ಚಿ, ನನ್ನ ಮುಖದ ಮೇಲೇ ನಿಟ್ಟುಸಿರು ಬಿಟ್ಟರು. ಗೇರಣ್ಣ ಎಲ್ಲರಿಗೂ ತನ್ನ ಪೊಟ್ಟಣದಿಂದ ಹಂಚಿದ. ನನ್ನ ಗಂಟಲು ಚೆನ್ನಾಗಿದೆ ಎಂದು ಎಲ್ಲರೂ ಸೇದಿದರು.

ಒಳ್ಳೆಯ ಸುದ್ದಿ ಬಂದ ದಿನ ಇಷ್ಟು ದಣಿವು ಯಾಕೆ.

ಮಾರ್ಚ್ ೨, ಸೋಮವಾರ

ಮೊದಲ ಮಾತು ಹೆಂಡತಿಯ ಜೊತೆ. ಏನು ಆಡಬೇಕೆಂದು ತಿಳಿಯದೆ “ಚಹಾ” ಎಂದೆ. ಅವಳು ಬಿದ್ದು ಬಿದ್ದು ನಕ್ಕು, ಮಾಡಿ ಕೊಟ್ಟಳು. ದನಿ ಬೇರೆಯಾಗಿದೆ, ಯಾರದೋ ದನಿ ಎರವಲು ತಂದ ಹಾಗೆ. ಸ್ವಲ್ಪ ತೆಳು.

ಸಾಹುಕಾರರು ಸಭೆಗೆ ನಾನು ಹೇಳಬೇಕಾದ್ದನ್ನು ಸಂಘದವರಿಂದ ಬರೆಸಿ ತಂದಿದ್ದಾರೆ. ಚೆನ್ನಾಗಿದೆ. ‘ನಮ್ಮ ಗ್ರಾಹಕರು ನಮ್ಮ ಕುಟುಂಬ’ ಎಂದು ಶುರುವಾಗುತ್ತದೆ. ಅತ್ತ ಡಾಕ್ಟರ ಕಡೆಯಿಂದಲೂ ಮನೆಗೆ ಫೋನು ಬಂದಿತ್ತು. ನೆನಪಿದೆ ತಾನೇ ಎಂದು ಕೇಳಿದರಂತೆ.

ಪಬ್ಬಿಗೆ ಹೋಗುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ನನಗೆ ಇನ್ನೂ ಮಾತು ಬಂದಿಲ್ಲ. ಅಷ್ಟೇ. ಮೂಗನನ್ನು ಯಾರು ಏನು ಕೇಳುತ್ತಾರೆ? ಎರಡೂ ಕಡೆಯವರು ಅಯ್ಯೋ ಪಾಪ ಎನ್ನುತ್ತಾರೆ. ಸಾಹುಕಾರರು “ಗಂಟಲು ಹೇಗಿದೆ?” ಎಂದಾಗ ಕೈಯಾಡಿಸಿ ಇನ್ನೂ ಇಲ್ಲ ಎಂದೆ. ಎಷ್ಟು ಸುಲಭವಾಯಿತು.

ಮಾರ್ಚ್ ೫, ಗುರುವಾರ

ಸಾಹುಕಾರರು ಪ್ರತಿ ಸಂಜೆ ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದಾರೆ, ಜೇನು ಹಾಕಿ. ಅವರ ಮನೆಯಿಂದ ಪಬ್ಬಿಗೆ ನಡೆದು ಬರಲು ಅರ್ಧ ಗಂಟೆ. ಬಂದವರೇ ನನ್ನ ಎದುರು ನಿಂತು, “ಕುಡಿ. ಪೂರ್ತಿ ಕುಡಿ” ಎನ್ನುತ್ತಾರೆ. ಇವತ್ತು ತಮ್ಮ ಮಫ್ಲರನ್ನೂ ನನ್ನ ಕುತ್ತಿಗೆಗೆ ಸುತ್ತಿದರು. ಅದರ ತುಂಬ ಹೊಗೆ.

“ಮಾತು ಬರದಿದ್ರೆ ಬಿಡು, ಸಂಘದವರಿಗೆ ನಾನು ಹೇಳ್ಕೋತೀನಿ. ನಿನ್ನ ಗಂಟಲಿಗಿಂತ ಸಭೆ ದೊಡ್ಡದಲ್ಲ” ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಒಬ್ಬ ಹೊಸ ಗಿರಾಕಿ ಕೌಂಟರಿಗೆ ಒರಗಿ ನನ್ನ ಕಡೆಗೆ ಹೊಗೆ ಬಿಡುತ್ತಿದ್ದ. “ಆ ಕಡೆ ಬಿಡಿ” ಎಂದು ಬಾಯಿಂದ ಬಂದೇಬಿಟ್ಟಿತು. ಸದ್ಯ, ಸಾಹುಕಾರರು ಅಡುಗೆಮನೆಯಲ್ಲಿದ್ದರು. ಗಂಟಲು ಕೆಟ್ಟಮೇಲೆ ನನ್ನ ನಡತೆಯೂ ಕೆಟ್ಟಿದೆ.

ಮಾರ್ಚ್ ೧೦, ಮಂಗಳವಾರ

ಸಭೆಯಿಂದ ನೇರ ಮನೆಗೆ ಬಂದಿದ್ದೇನೆ. ಇವತ್ತು ಪಬ್ಬು ತೆರೆಯುವುದಿಲ್ಲ. ಆದದ್ದನ್ನು ಆದ ಹಾಗೇ ಬರೆಯಲು ನೋಡುತ್ತೇನೆ.

ನಗರಸಭೆಯ ಸಭಾಂಗಣದಲ್ಲಿ ಎತ್ತರದ ಚಾವಣಿ, ತೆರೆದ ಕಿಟಕಿಗಳು. ಎಡಕ್ಕೆ ಡಾಕ್ಟರ ಕಡೆಯವರು, ಬಲಕ್ಕೆ ನಮ್ಮವರು. ನಾನು ಸಾಹುಕಾರರ ಪಕ್ಕ, ಮಫ್ಲರ್ ಸುತ್ತಿಕೊಂಡು. ಹೆಂಡತಿ ಕೆಲಸಕ್ಕೆ ರಜೆ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾತು ಬಂದಿಲ್ಲವೆಂದು ನಾಟಕ ಮಾಡುತ್ತಿರುವುದು ಅವಳಿಗೆ ಗೊತ್ತು. ಬೆಳಗ್ಗೆ ಅಷ್ಟೇ ಹೇಳಿದ್ದಳು: “ನಿನ್ನ ಗಂಟಲು, ನಿನ್ನಿಷ್ಟ.”

ಡಾಕ್ಟರು ಅಂಕಿ ಹೇಳಿದರು. ಜನ ಆಕಳಿಸಿದರು. ಒಬ್ಬ ಹೋಟೆಲಿನವನು ನಷ್ಟದ ಅಂಕಿ ಹೇಳಿದ. ಅದಕ್ಕೂ ಆಕಳಿಸಿದರು. ಆಮೇಲೆ ಗೇರಣ್ಣ ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನು ಜೋಕು ಹೊಡೆಯುತ್ತಾನೆಂದು ಎಲ್ಲರೂ ಕಾದರು.

“ಮನೇಲಿ ಸೊಸೆ ಬಿಡಲ್ಲ, ಕೂಸು ಇದೆ, ಸರಿ. ಬಸ್ಸಲ್ಲಿ ಬಿಡಲ್ಲ, ಸರಿ. ಪಾರ್ಕಲ್ಲಿ ಮಕ್ಕಳು, ಅದೂ ಸರಿ. ನಲವತ್ತು ವರ್ಷ ರಾತ್ರಿಯೆಲ್ಲ ಲಾರಿ ಓಡಿಸಿದೀನಿ, ಆಗ ನಂಗೆ ಜೊತೆ ಇದ್ದಿದ್ದು ಇದೊಂದೇ. ನಾನು ಕೆಟ್ಟೋನಲ್ಲ. ಸಂಜೆ ಎರಡು ಗಂಟೆ, ನನ್ನ ಥರಾನೇ ಇರೋ ನಾಲ್ಕು ಜನದ ಮಧ್ಯೆ ಕೂರ್ತೀನಿ. ಅದನ್ನೂ ತೆಗೆದ್ರೆ ಎಲ್ಲಿ ಹೋಗ್ಲಿ ನಾನು, ನೀವೇ ಹೇಳಿ.”

ಎಡಗೈ ಗೇರು ಬದಲಿಸಲಿಲ್ಲ, ಸುಮ್ಮನೆ ನೇತಾಡುತ್ತಿತ್ತು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಡಾಕ್ಟರು ತಲೆ ತಗ್ಗಿಸಿದ್ದರು.

ಆಗ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ನನ್ನ ಹೆಸರು ಕೂಗಿದರು. “ಇವರ ಹೆಸರನ್ನ ಎರಡೂ ಕಡೆಯವರು ಕೊಟ್ಟಿದಾರಲ್ಲ! ಏನ್ರೀ, ನೀವು ಪರವೋ ವಿರೋಧವೋ?” ಎಂದರು. ಸಭೆ ಗೊಳ್ಳೆಂದಿತು. ಸಾಹುಕಾರರು ನನ್ನತ್ತ ತಿರುಗಿದರು. ಎಡಗಡೆಯಿಂದ ಡಾಕ್ಟರೂ ತಿರುಗಿದರು. ಇಬ್ಬರ ಮುಖದಲ್ಲೂ ಒಂದೇ ಪ್ರಶ್ನೆ.

ಆದರೂ ಸಾಹುಕಾರರೇ ಮೊದಲು ಎದ್ದು ನಿಂತರು. “ಅವನಿಗೆ ಇನ್ನೂ ಗಂಟಲು ಬಂದಿಲ್ಲ ಮೇಡಂ. ಬಿಟ್ಬಿಡಿ ಪಾಪ” ಎಂದರು. ಅವರ ಕೈ ನನ್ನ ಹೆಗಲ ಮೇಲಿತ್ತು.

“ಬಂದಿದೆ” ಎಂದೆ.

ಹೇಳಬೇಕೆಂದು ಹೇಳಿದ್ದಲ್ಲ. ಆ ಕೈ ಹಾಗೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು. ಎದ್ದು ಮೈಕಿನ ಹತ್ತಿರ ನಡೆದೆ. ಸಂಘದವರ ಕಾಗದ ಜೇಬಿನಲ್ಲೇ ಇತ್ತು. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಹೆಂಡತಿ ಹೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ.

“ನಂಗೆ ದೊಡ್ಡ ಕಾಯಿಲೆ ಏನೂ ಇಲ್ಲ. ಪರೀಕ್ಷೆ ಮಾಡಿಸಿದೀನಿ. ಆ ಕಾರಣಕ್ಕೆ ಹೇಳ್ತಿಲ್ಲ. ಈ ಬಲಗಡೆ ಕೂತಿರೋರೆಲ್ಲ ನನ್ನ ಜನ. ನಮ್ಮ ಸಾಹುಕಾರ್ರನ್ನ ಯಾರಾದ್ರೂ ಕೆಟ್ಟೋರು ಅಂದ್ರೆ ನಾನು ಸುಮ್ನಿರಲ್ಲ. ಗೇರಣ್ಣ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನೀವು ದೊಡ್ಡೋರು ಹುಡುಕಿ. ಆದ್ರೆ ಒಂದು ಮಾತು. ಹೊಗೆ ಬೇಡ ಅನ್ಸಿದ ಗಿರಾಕಿ ಎದ್ದು ಹೋಗಬಹುದು. ಸೇದಬೇಕು ಅನ್ಸಿದೋರು ಎದ್ದು ಹೊರಗೆ ಹೋಗಿ ಬರಬಹುದು. ನಾನು ಎಲ್ಲಿಗೂ ಹೋಗೋ ಹಾಗಿಲ್ಲ. ಅಲ್ಲೇ ನಿಂತಿರೋದೇ ನನ್ನ ಕೆಲಸ. ಇಷ್ಟು ವರ್ಷ ನಿನಗೆ ಹೇಗನ್ಸತ್ತೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನಂಗೆ ಅದು ಇಷ್ಟ ಇಲ್ಲ. ಸಾಕಾಗಿದೆ.”

ಅಷ್ಟೇ. ಕೊನೆಗೆ ದನಿ ಒಡೆದು ಕೀರಲಾಯಿತು. ಎಡಗಡೆಯವರು ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಚೆನ್ನಾಗಿತ್ತು. ತಿರುಗಿ ನೋಡಿದಾಗ ಸಾಹುಕಾರರ ಕುರ್ಚಿ ಖಾಲಿ. ಮಫ್ಲರನ್ನು ಕುರ್ಚಿಯ ಬೆನ್ನಿಗೆ ಹಾಕಿ ಬಂದೆ.

ಮಾರ್ಚ್ ೧೧, ಬುಧವಾರ

ಕೆಲಸಕ್ಕೆ ಹೋದೆ. ಹೋಗಬೇಡ ಎಂದು ಯಾರೂ ಹೇಳಿಲ್ಲವಲ್ಲ. ಫ್ಲಾಸ್ಕು ಬರಲಿಲ್ಲ.

ಮಾರ್ಚ್ ೧೬, ಸೋಮವಾರ

ಸಾಹುಕಾರರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಹೇಳಬೇಕಾದ್ದನ್ನು ಅಡುಗೆಯವನ ಮೂಲಕ ಹೇಳಿಸುತ್ತಾರೆ. ನಾನು ಎದುರಿಗೇ ನಿಂತಿರುತ್ತೇನೆ. “ಪೀಪಾಯಿ ಮುಗಿದಿದೆ ಅಂತ ಅವನಿಗೆ ಹೇಳು” ಎನ್ನುತ್ತಾರೆ. ಅಡುಗೆಯವನು ನನ್ನತ್ತ ತಿರುಗಿ “ಪೀಪಾಯಿ ಮುಗಿದಿದೆಯಂತೆ” ಎನ್ನುತ್ತಾನೆ. “ಬದಲಾಯಿಸಿದ್ದೀನಿ ಅಂತ ಹೇಳು” ಎಂದರೆ ಅವನು ತಲೆ ಚಚ್ಚಿಕೊಳ್ಳುತ್ತಾನೆ. “ಹಿಂದೆ ಒಬ್ಬನಿಗೇ ಗಂಟಲು ಕೆಟ್ಟಿತ್ತು, ಈಗ ಇಬ್ಬರಿಗೂ ಕೆಟ್ಟಿದೆ” ಅಂದ.

ಗೇರಣ್ಣ ಬರುತ್ತಾನೆ, ಆದರೆ ಕೊನೆಯ ಸ್ಟೂಲು ಬಿಟ್ಟು ಗೋಡೆ ಬದಿಯ ಮೇಜಿಗೆ ಹೋಗಿದ್ದಾನೆ. ಲೋಟ ಕೊಟ್ಟರೆ ತಗೊಳ್ಳುತ್ತಾನೆ. ನನ್ನ ಮುಖ ನೋಡುವುದಿಲ್ಲ.

ಬೇರೆ ಕೆಲಸ ನೋಡಿಕೊಳ್ಳಲೇ ಎಂದು ಹೆಂಡತಿಯನ್ನು ಕೇಳಿದೆ. “ನಿಂಗೆ ಏನು ಬೇಕು?” ಎಂದಳು. “ಅಲ್ಲೇ ಇರಬೇಕು” ಎಂದೆ. “ಮತ್ತೆ ಇರು” ಎಂದಳು.

ಮಾರ್ಚ್ ೨೪, ಮಂಗಳವಾರ

ನಿಷೇಧ ಪಾಸಾಯಿತು. ಒಂದೇ ಮತದ ಅಂತರವಂತೆ. ಮುಂದಿನ ತಿಂಗಳಿಂದ ಜಾರಿ. ನನ್ನ ಮಾತಿನಿಂದಲೇ ಆಯಿತು ಎಂದು ಕೆಲವರು. ನನ್ನ ಮಾತು ಆ ದನಿಯಲ್ಲಿ ಅರ್ಧ ಜನಕ್ಕೆ ಕೇಳಿಸಿಯೇ ಇರಲಿಕ್ಕಿಲ್ಲ. ಡಾಕ್ಟರು ಫೋನು ಮಾಡಿ, ಶಾಲೆಗಳಲ್ಲಿ ಮಾತಾಡಲು ಬರುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಗೇರಣ್ಣನ ಬಗ್ಗೆ ವಿಚಾರಿಸಿದರು. “ಅವರ ಮಾತು ನನ್ನ ತಲೆಯಿಂದ ಹೋಗ್ತಿಲ್ಲ” ಎಂದರು.

ಏಪ್ರಿಲ್ ೧, ಬುಧವಾರ

ಮೊದಲ ದಿನ ಮುಗಿಯಿತು. ಹೊಗೆ ಹೋದಮೇಲೆ ತಿಳಿಯಿತು, ನಮ್ಮ ಪಬ್ಬಿಗೆ ಬೇರೆ ಎಷ್ಟೆಲ್ಲ ವಾಸನೆಗಳಿವೆಯೆಂದು. ಕಕ್ಕಸು, ಚೆಲ್ಲಿದ ಬಿಯರು ಕುಡಿದ ಹಲಗೆ, ಅಡುಗೆಯವನ ಎಣ್ಣೆ, ಜನರ ಕಂಕುಳು. ಇಷ್ಟು ವರ್ಷ ಹೊಗೆಯೇ ನಮ್ಮ ಮಾನ ಕಾಪಾಡಿತ್ತು. ಗಣಿತದ ಮೇಡಂ ಒಳಗೆ ಬಂದು ಮೂಗೆಳೆದು, “ಮೊದಲೇ ವಾಸಿಯಿತ್ತಾ ಹೇಗೆ?” ಎಂದರು. ಕಿಟಕಿಗಳನ್ನು ಉಳಿ ತಂದು ಬಿಡಿಸಿದೆ. ಕೇಳದೆಯೇ ಮಾಡಿದೆ. ಬೀದಿಯ ಗಾಳಿ ಒಳಗೆ ಬಂತು, ಧೂಳೂ ಬಂತು.

ಗಿರಾಕಿಗಳು ಕಡಿಮೆ. ಬಂದವರೂ ಮಾತಿನ ನಡುವೆ ಎದ್ದು ಹೊರಗೆ ಹೋಗುತ್ತಾರೆ. ಕಥೆ ಅರ್ಧಕ್ಕೆ ನಿಲ್ಲುತ್ತದೆ. ಹಿಂದಿನ ಗದ್ದಲ ಇಲ್ಲ. ಸಾಹುಕಾರರು ಬಾಗಿಲ ಮೆಟ್ಟಿಲ ಮೇಲೆ, ತಮ್ಮದೇ ಪಬ್ಬಿನ ಹೊರಗೆ, ಯಾರೋ ಬಾಡಿಗೆಯವರ ಹಾಗೆ ನಿಂತು ಸೇದುತ್ತಾರೆ.

ಗೇರಣ್ಣ ಬರಲಿಲ್ಲ.

ಏಪ್ರಿಲ್ ೬, ಸೋಮವಾರ

ಇವತ್ತೂ ಬರದಿರಬಹುದು ಎನಿಸಿ, ಬೆಳಗ್ಗೆ ನಾನೇ ಗೇರಣ್ಣನ ಮನೆ ಹುಡುಕಿಕೊಂಡು ಹೋದೆ. ಮೂರನೆಯ ಮಹಡಿ. ಮೇಲೆ ಹತ್ತುವ ಮೊದಲೇ, ಮೆಟ್ಟಿಲ ತಿರುವಿನ ಸಣ್ಣ ಕಿಟಕಿಯ ಹತ್ತಿರ ಸಿಕ್ಕಿದ. ತಲೆ ಹೊರಗೆ ಹಾಕಿ ಸೇದುತ್ತಿದ್ದ, ಒಳಗೆ ಬರೀ ಬೆನ್ನು.

“ಬಾ ಮಾರಾಯ. ನಿನ್ನ ಸ್ಟೂಲು ಖಾಲಿ ಇದೆ” ಎಂದೆ.

“ಹೊರಗೆ ನಿಂತು ಸೇದೋಕೆ ನಾನೇನು ಬಾಗಿಲ ನಾಯೀನಾ?”

“ಇಲ್ಲಿ ಏನಾಗಿದ್ದೀಯ ಮತ್ತೆ?”

ಹೇಳಬಾರದಿತ್ತು. ಅವನು ಕಿಟಕಿಯಿಂದ ತಲೆ ಒಳಗೆಳೆದುಕೊಂಡು ನನ್ನನ್ನು ನೋಡಿದ. ಸಭೆಯಾದ ಮೇಲೆ ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಇದೇ ಮೊದಲು. “ನೀನು ಸುಮ್ನೆ ಹೂಂ ಅಂತಿದ್ದಾಗ ಒಳ್ಳೇವ್ನಿದ್ದೆ ಕಣೋ” ಎಂದ. ಸಿಟ್ಟಿನಿಂದಲ್ಲ. ಏನನ್ನೋ ಕಳಕೊಂಡವರ ಹಾಗೆ. ಅವನು ಸೇದಿ ಮುಗಿಸುವವರೆಗೆ ಎರಡು ಮೆಟ್ಟಿಲು ಕೆಳಗೆ ನಿಂತಿದ್ದೆ. “ನೋಡೋಣ” ಎಂದು ಮೇಲೆ ಹೋದ. ಬರುತ್ತಾನೆ ಎನಿಸುವುದಿಲ್ಲ.

ಏಪ್ರಿಲ್ ೧೪, ಮಂಗಳವಾರ

ನಿನ್ನೆ ಸಂಜೆ ಮಳೆ. ಪಬ್ಬಿನಲ್ಲಿ ನಾಲ್ಕೇ ಜನ. ಸಾಹುಕಾರರು ಮೆಟ್ಟಿಲ ಮೇಲೆ, ಸೂರಿನ ಕೆಳಗೆ ನಿಂತಿದ್ದರು. ಅರ್ಧ ಮೈ ನೆನೆಯುತ್ತಿತ್ತು. ಒಳಗಿಂದ ಒಂದು ಕುರ್ಚಿ ಒಯ್ದು ಅವರ ಹಿಂದಿಟ್ಟೆ. ಕೂರಲಿಲ್ಲ. ನಾನು ವಾಪಸು ಹೊರಟಾಗ, “ಒಂದು ವಾರ ಬಿಸಿನೀರು ಹೊತ್ತು ತಂದೆ” ಎಂದರು. ಬೀದಿಗೆ ಮುಖ ಮಾಡಿಯೇ ಹೇಳಿದರು.

ನಿಂತೆ.

“ಸಭೇಲಿ ಏನು ಅಂದ್ಯೋ ಅದಕ್ಕಲ್ಲ ಕಣೋ ನಂಗೆ ಸಂಕಟ. ಅದು ನಿನ್ನ ಗಂಟಲು. ನಂಗೆ ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ. ನಾನು ಬೈತಿದ್ದೆ. ನೀನು ಬೈಸ್ಕೋತಿದ್ದೆ. ಮುಗೀತಿತ್ತು. ಮಾತು ಬಂದೂ ನನ್ನೆದುರು ಮೂಗನ ಥರ ನಿಂತು, ಪೂರ್ತಿ ಕುಡಿದ್ಯಲ್ಲೋ.”

“ತಪ್ಪಾಯ್ತು” ಎಂದೆ. “ನಿಮಗೆ ಹೇಳೋಕೆ ಧೈರ್ಯ ಸಾಲಲಿಲ್ಲ.”

“ಅಷ್ಟು ಜನದ ಮುಂದೆ ಹೇಳೋಕೆ ಸಾಲ್ತಾ?”

“ಅವರು ನಂಗೆ ಏನೂ ಆಗಬೇಕಾಗಿಲ್ವಲ್ಲ.”

ಅವರು ಸಿಗರೇಟನ್ನು ಮಳೆಗೆ ಎಸೆದರು. ಆಮೇಲೆ ಕುರ್ಚಿಯಲ್ಲಿ ಕೂತರು. ಮೊಣಕಾಲು ನೋವಿರಬೇಕು, ಕೂರುವಾಗ ನನ್ನ ತೋಳು ಹಿಡಿದುಕೊಂಡರು. ಇನ್ನೊಂದು ಹಚ್ಚಿದರು.

“ಸಂಘದವರು ಮತ್ತೆ ಅರ್ಜಿ ಹಾಕ್ತಿದಾರೆ. ಸೇದೋರಿಗೆ ಒಳಗೇ ಒಂದು ಮೂಲೆ ಬಿಡಿ ಅಂತ. ಕೆಲಸದೋರು ಒಪ್ಪಿದಾರೆ ಅಂತ ತೋರಿಸಬೇಕಂತೆ. ನೀನೂ ಸೈನು ಹಾಕ್ತೀಯಾ? ವ್ಯಾಪಾರ ಹೇಗಿದೆ ನೋಡ್ತಿದೀಯಲ್ಲ.”

“ಇಲ್ಲ ಸಾಹುಕಾರ್ರೇ.”

“ಯೋಚನೆ ಮಾಡಿ ಹೇಳು.”

“ಮಾಡಿದೀನಿ. ಇಲ್ಲ.”

ಅವರು ನನ್ನನ್ನು ತಿರುಗಿ ನೋಡಿದರು, ಹೊಸ ಗಿರಾಕಿಯನ್ನು ಅಳೆಯುವ ಹಾಗೆ ಮೇಲಿಂದ ಕೆಳಗೆ. ಬೈಯುತ್ತಾರೆ ಎಂದುಕೊಂಡೆ. ಮಳೆಯ ಇರಚಲು ಜೋರಾಯಿತು, ಗಾಳಿ ತಿರುಗಿ ಅವರ ಸಿಗರೇಟಿನ ಹೊಗೆಯೆಲ್ಲ ನನ್ನ ಕಡೆಗೇ ಬಂತು. ಅವರು ಕೈಬೀಸಿ ಅದನ್ನು ಆಚೆಗೆ ಓಡಿಸಲು ನೋಡಿದರು. ಆಗಲಿಲ್ಲ.

“ಸರಿ, ನೀನು ಒಳಗೆ ಹೋಗು” ಎಂದರು. “ಇಲ್ಲಿ ಹೊಗೆ ಇದೆ.”

ಒಳಗೆ ಹೋದೆ.